ಹೆಯಾನ್, ಶೋ, ಚೂ: ಮೂರು ಹಳೆಯ ಶೋಗಿಗಳನ್ನು ಆಡಿ ನೋಡಿದ ಮೇಲೆ

ಜಪಾನಿನ ಹಳೆಯ ಚದುರಂಗಗಳಲ್ಲಿ ಒಂದನ್ನೇ ಮನೆಗೆ ತರುವುದಾದರೆ ಚೂ ಶೋಗಿಯನ್ನು ತನ್ನಿ. ಇದು ನನಗೆ ತಿಳಿದದ್ದು ಹೆಯಾನ್ ಶೋಗಿಗೆ 3,800 ರೂಪಾಯಿ ಕೊಟ್ಟ ಮೇಲೆ. ದುಡ್ಡಿಗಿಂತ ಹೆಚ್ಚು ಬೇಸರವಾದದ್ದು ಪೆಟ್ಟಿಗೆ ಬಿಚ್ಚಿದ ಸಂಜೆ. ಅಪ್ಪ ಕನ್ನಡಕ ಹಾಕಿಕೊಂಡು ಆಸೆಯಿಂದ ಕುಳಿತಿದ್ದರು, ನನಗೆ ಕಾಯಿಗಳನ್ನು ಜೋಡಿಸಿ ಮುಗಿಸಲೂ ಆಗಲಿಲ್ಲ.

ಅಪ್ಪನಿಗೆ ಎಪ್ಪತ್ತೊಂದು ವರ್ಷ. ಚದುರಂಗ ಆಡಲು ತೊಡಗಿ ಐವತ್ತು ವರ್ಷ ದಾಟಿದೆ. ಸಂಜೆ ಕಾಫಿಯಾದ ಮೇಲೆ ಒಂದು ಆಟ ನಮ್ಮ ಮನೆಯ ರೂಢಿ. ಎರಡು ವರ್ಷದ ಹಿಂದೆ ಇಬ್ಬರೂ ಈಗಿನ ಶೋಗಿಯನ್ನು ಕಲಿತೆವು. ಅದರಲ್ಲಿ ಅಪ್ಪನಿಗೆ ಒಗ್ಗದ್ದು ಒಂದೇ: ಹೊಡೆದ ಕಾಯಿ ಹೊಡೆದವನ ಕೈ ಸೇರಿ, ಅವನ ಕಡೆಯದಾಗಿ ಮತ್ತೆ ಮಣೆಗೆ ಇಳಿಯುತ್ತದೆ. “ನನ್ನ ಕುದುರೆಯೇ ಬಂದು ನನ್ನನ್ನು ಒದೆಯುವುದು ನನಗೆ ಸೇರುವುದಿಲ್ಲ ಕಣೋ” ಎಂದರು. ಆ ನಿಯಮ ತಡವಾಗಿ ಬಂದದ್ದು, ಅದಕ್ಕೂ ಹಿಂದಿನ ಶೋಗಿಗಳನ್ನು ಅದಿಲ್ಲದೆ ಆಡುತ್ತಾರೆ ಎಂದು ಓದಿದೆ. ಹುಡುಕಾಟ ಅಲ್ಲಿಂದ ಶುರುವಾಯಿತು.

ಎಲ್ಲಕ್ಕಿಂತ ಹಳೆಯದೇ ಇರಲಿ ಎಂದು ಮೊದಲು ಹೆಯಾನ್ ಶೋಗಿಯನ್ನು ತರಿಸಿದೆ. ಅದರ ಹಳಮೆಯಲ್ಲಿ ಸಂದೇಹವಿಲ್ಲ. ನಾರಾದ ಕೋಫುಕುಜಿ ದೇವಾಲಯದ ನೆಲದಲ್ಲಿ 1993ರಲ್ಲಿ ಹದಿನಾರು ಮರದ ಕಾಯಿಗಳು ಸಿಕ್ಕವು. ಜೊತೆಗೆ ಸಿಕ್ಕ ಮರದ ಪಟ್ಟಿಯ ಮೇಲಿದ್ದ ವರ್ಷ ನಮ್ಮ ಲೆಕ್ಕದಲ್ಲಿ 1058. ಚೂಪಾದ ತಲೆಯ, ಐದು ಮೂಲೆಯ ಆ ಕಾಯಿಗಳ ಆಕಾರ ಇಂದಿಗೂ ಬದಲಾಗಿಲ್ಲ. ಆಟದ ನಿಯಮ ಬರಹದಲ್ಲಿ ಸಿಗುವುದು ‘ನಿಚೂರೆಕಿ’ ಎಂಬ ಸಂಗ್ರಹದಲ್ಲಿ. ಅದು 13ನೇ ಶತಮಾನದ ಆರಂಭದ್ದು, ಅದರ ಮೂಲ 12ನೇ ಶತಮಾನದ ಮಿಯೋಶಿ ತಮೆಯಾಸುವಿನ ಬರಹಗಳು. ತಮೆಯಾಸು ಬದುಕಿದ್ದ ಕಾಲದಲ್ಲಿಯೇ ಇತ್ತ ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಚದುರಂಗವನ್ನು ವರ್ಣಿಸುತ್ತಿದ್ದ ಎಂಬುದನ್ನು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ಇನ್ನು ಪೆಟ್ಟಿಗೆಯ ವಿಷಯ. ಒಳಗೆ ಎಂಟು ಮನೆ ಅಗಲ, ಎಂಟು ಮನೆ ಉದ್ದದ ಮಣೆಯಿತ್ತು. ಚೀಲದಲ್ಲಿ ಮೂವತ್ತಾರು ಕಾಯಿ. ಚೀಟಿಯಲ್ಲಿ ಜೋಡಣೆಯ ಕ್ರಮ ಬರೆದಿತ್ತು: ನಡುವೆ ರಾಜ, ಅವನ ಎರಡೂ ಪಕ್ಕ ಚಿನ್ನದ ಸೇನಾನಿ, ಆಚೆಗೆ ಬೆಳ್ಳಿಯ ಸೇನಾನಿ, ಕುದುರೆ, ಕೊನೆಗೆ ಧೂಪದ ರಥ. ಎಡದಿಂದ ಇಡುತ್ತಾ ಬಂದೆ. ರಥ, ಕುದುರೆ, ಬೆಳ್ಳಿ, ಚಿನ್ನ, ರಾಜ, ಚಿನ್ನ, ಬೆಳ್ಳಿ, ಕುದುರೆ. ಮಣೆ ಮುಗಿಯಿತು. ಒಂದು ರಥ ನನ್ನ ಬೆರಳುಗಳ ನಡುವೆಯೇ ಉಳಿಯಿತು. ಪದಾತಿಗಳೂ ಹಾಗೆಯೇ, ಎಂಟು ಮನೆಗೆ ಒಂಬತ್ತು. ನಾನೇ ತಪ್ಪಿದೆನೆಂದು ಮೂರು ಸಲ ಜೋಡಿಸಿದೆ. ನಾಲ್ಕನೆಯ ಸಲ ಅಪ್ಪ ಎಣಿಸಿದರು. “ಒಂಬತ್ತು ಜನಕ್ಕೆ ಎಂಟು ಎಲೆ ಹಾಕಿದ್ದಾರೆ” ಎಂದು ಎದ್ದರು.

ಮಾರಿದವರಿಗೆ ಬರೆದೆ. ಒಂದೊಂದು ಚಿನ್ನ, ಒಂದೊಂದು ಪದಾತಿಯನ್ನು ತೆಗೆದಿಟ್ಟು ಆಡಿ ಎಂದು ಉತ್ತರ ಬಂತು. ಹಾಗಾದರೆ ಅವನ್ನು ಚೀಲಕ್ಕೆ ಹಾಕಿದ್ದೇಕೆ, ಎರಡು ಚಿನ್ನ ಎಂದು ಚೀಟಿಯಲ್ಲಿ ಬರೆದದ್ದೇಕೆ ಎಂಬುದಕ್ಕೆ ಉತ್ತರವಿಲ್ಲ. ಸಿಟ್ಟಿನಲ್ಲಿ ಎರಡು ವಾರ ಓದಿದಾಗ ಗೊಂದಲದ ಬೇರು ಸಿಕ್ಕಿತು. ‘ನಿಚೂರೆಕಿ’ ಕಾಯಿಗಳ ನಡೆಯನ್ನು ಒಂದೊಂದಾಗಿ ಹೇಳುತ್ತದೆ. ಎದುರಾಳಿಯ ಮೂರು ಸಾಲಿನೊಳಗೆ ಹೊಕ್ಕ ಕಾಯಿ ಬಡ್ತಿ ಪಡೆದು ಚಿನ್ನವಾಗುತ್ತದೆ ಎನ್ನುತ್ತದೆ. ಎದುರಾಳಿಯ ರಾಜ ಒಂಟಿಯಾಗಿ ಉಳಿದರೂ ಗೆಲುವೇ ಎನ್ನುತ್ತದೆ. ಅದೇ ಪುಸ್ತಕದಲ್ಲಿರುವ ದೊಡ್ಡ ಶೋಗಿಗೆ ಹದಿಮೂರು ಮನೆ ಎಂದು ಸ್ಪಷ್ಟವಾಗಿ ಬರೆದಿದೆ. ಈ ಚಿಕ್ಕದಕ್ಕೆ ಮಾತ್ರ ಮಣೆಯ ಅಳತೆಯೇ ಇಲ್ಲ! ಬಹುಶಃ ಬರೆದವರಿಗೆ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೀಗಾಗಿ ಎಂಟಕ್ಕೆ ಎಂಟು ಎನ್ನುವವರಿದ್ದಾರೆ, ಒಂಬತ್ತಕ್ಕೆ ಎಂಟು ಎನ್ನುವವರಿದ್ದಾರೆ, ಒಂಬತ್ತಕ್ಕೆ ಒಂಬತ್ತು ಎನ್ನುವವರೂ ಇದ್ದಾರೆ. ನನಗೆ ಪೆಟ್ಟಿಗೆ ಕಳಿಸಿದವರು ಒಂದು ಊಹೆಯಿಂದ ಮಣೆಯನ್ನೂ ಇನ್ನೊಂದು ಊಹೆಯಿಂದ ಕಾಯಿಗಳನ್ನೂ ತೆಗೆದುಕೊಂಡಿದ್ದರು.

ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಸ್ಕೇಲು ಹಿಡಿದು ಉಳಿದೆರಡು ಮಣೆಗಳನ್ನು ಬರೆದೆ. ಮೂರರಲ್ಲೂ ಆಡಿದೆವು. ಎಂಟಕ್ಕೆ ಎಂಟರಲ್ಲಿ ರಾಜನ ಒಂದೇ ಪಕ್ಕಕ್ಕೆ ಚಿನ್ನವಿದ್ದು, ಇನ್ನೊಂದು ಪಕ್ಕ ಬಾಗಿಲಿಲ್ಲದ ಮನೆಯಂತೆ ಇರುತ್ತದೆ. ಆದರೆ ಕಾಳಗ ಬೇಗ ಹತ್ತಿಕೊಳ್ಳುತ್ತದೆ. ಒಂಬತ್ತಕ್ಕೆ ಒಂಬತ್ತರಲ್ಲಿ ಎರಡು ಪದಾತಿ ಸಾಲುಗಳ ನಡುವೆ ಮೂರು ಖಾಲಿ ಸಾಲು. ದೂರ ಓಡಬಲ್ಲ ಕಾಯಿ ಎಂದರೆ ನೇರ ಮುಂದಕ್ಕೆ ಮಾತ್ರ ಹೋಗುವ ರಥ, ಅದರ ಮುಂದೆ ತನ್ನದೇ ಪದಾತಿ ಅಡ್ಡ ನಿಂತಿರುತ್ತದೆ. ಉಳಿದವೆಲ್ಲ ತೆವಳುತ್ತವೆ. ನನಗೆ ಹಿಡಿಸಿದ್ದು ಒಂಬತ್ತು ಮನೆ ಅಗಲ, ಎಂಟು ಸಾಲು ಆಳದ ಮಣೆ. ಹಾಗಿದ್ದರೂ ಹತ್ತರಲ್ಲಿ ಆರು ಆಟಗಳು ಇಬ್ಬರ ಬಳಿಯೂ ಎರಡೆರಡು ಚಿನ್ನ ಉಳಿದು, ಯಾರೂ ಯಾರನ್ನೂ ಹಿಡಿಯಲಾಗದೆ ನಿಂತವು.

ಹೆಯಾನ್‌ನಿಂದ ನನಗೆ ದಕ್ಕಿದ ಒಂದು ಸಂತೋಷವನ್ನು ಮಾತ್ರ ಮರೆಯಲಾರೆ. ಬೆಳ್ಳಿಯ ಸೇನಾನಿ ಒಂದೊಂದೇ ಮನೆ ನಡೆಯುತ್ತದೆ: ನಾಲ್ಕು ಮೂಲೆಗೆ ಮತ್ತು ನೇರ ಮುಂದಕ್ಕೆ. ಸುಮಾರು 1030ರಲ್ಲಿ ಅಲ್-ಬಿರೂನಿ ಭಾರತದಲ್ಲಿ ಕಂಡ ಚದುರಂಗದ ಆನೆಯ ನಡೆಯೂ ಇದೇ. ನಾಲ್ಕು ಕಾಲು, ಒಂದು ಸೊಂಡಿಲು ಎಂದು ಲೆಕ್ಕ. ಅಡ್ಡಕ್ಕೂ ಉದ್ದಕ್ಕೂ ನೇರ ಓಡುವುದನ್ನು ಆನೆ ಎಂದೇ ಕಲಿತ ಅಪ್ಪ ಆ ಬೆಳ್ಳಿಯ ಕಾಯಿಯನ್ನು ಅಂಗೈ ಮೇಲೆ ಇಟ್ಟುಕೊಂಡು, “ಅಂದರೆ ನಮ್ಮ ಆನೆ ಅಲ್ಲಿಗೆ ಹೋಗಿ ಸೇನಾನಿಯಾಗಿದೆ” ಎಂದು ಬಹಳ ಹೊತ್ತು ನೋಡುತ್ತಿದ್ದರು.

ಶೋ ಶೋಗಿಗೆ ಖರ್ಚೇ ಇಲ್ಲ. ಈಗಿನ ಶೋಗಿಯ ಸೆಟ್ ಇದ್ದರೆ ರಟ್ಟಿನಲ್ಲಿ ಎರಡು ಕಾಯಿ ಕತ್ತರಿಸಿ, ಒಂದೊಂದನ್ನು ಇಬ್ಬರ ರಾಜನ ಮುಂದೆ ಇಟ್ಟರೆ ಸಾಕು. ಆ ಕಾಯಿಯ ಹೆಸರು ಕುಡಿದ ಆನೆ. ನೇರ ಹಿಂದಕ್ಕೆ ಬಿಟ್ಟು ಉಳಿದ ಏಳು ದಿಕ್ಕಿಗೂ ಒಂದು ಮನೆ ನಡೆಯುತ್ತದೆ. ಬಡ್ತಿ ಪಡೆದರೆ ಯುವರಾಜನಾಗುತ್ತದೆ, ಆಮೇಲೆ ರಾಜ ಬಿದ್ದರೂ ಯುವರಾಜನಿರುವ ತನಕ ಆಟ ಮುಗಿಯುವುದಿಲ್ಲ. ಇದನ್ನು ಮಣೆಯಿಂದ ತೆಗೆಸಿದವನು 1526ರಿಂದ 1557ರವರೆಗೆ ಆಳಿದ ಗೋ-ನಾರಾ ಚಕ್ರವರ್ತಿ ಎಂದು ಪ್ರತೀತಿ. ಫುಕುಯಿಯ ಇಚಿಜೋದಾನಿಯಲ್ಲಿ, 1573ರಲ್ಲಿ ಸುಟ್ಟುಹೋದ ಅಸಾಕುರ ಮನೆತನದ ಪಟ್ಟಣವನ್ನು ಅಗೆದಾಗ ಸಿಕ್ಕ ಕಾಯಿಗಳಲ್ಲಿ ಈ ಆನೆಯೂ ಇತ್ತು. ನಾವು ಹೊಡೆದ ಕಾಯಿಯನ್ನು ಮರಳಿ ಇಳಿಸದೆ ಆಡಿದೆವು. ಚೆನ್ನಾಗಿಯೇ ಇದೆ. ಆದರೆ ಅರ್ಧ ಆಟ ಕಳೆದ ಮೇಲೆ ಮಣೆ ಬರಿದಾಗುತ್ತದೆ. ಈಗಿನ ಶೋಗಿಯ ಬಿರುಸು ಬಲ್ಲವರಿಗೆ ಆ ಬರಿದುತನ ಕಣ್ಣಿಗೆ ಹೊಡೆಯುತ್ತದೆ.

ಈಗ ಚೂ ಶೋಗಿ. ಹನ್ನೆರಡಕ್ಕೆ ಹನ್ನೆರಡು ಮನೆ, ಒಬ್ಬೊಬ್ಬರಿಗೆ ನಲವತ್ತಾರು ಕಾಯಿ, ಇಪ್ಪತ್ತೊಂದು ಬಗೆ. ಅಂಕಿಗಳನ್ನು ನೋಡಿ ನಾನೂ ಆರು ತಿಂಗಳು ದೂರವೇ ಇದ್ದೆ. ಹಾಗೆ ಹೆದರುವ ಅಗತ್ಯವಿರಲಿಲ್ಲ. 14ನೇ ಶತಮಾನದಲ್ಲಿ ರೂಪುಗೊಂಡ ಈ ಆಟ ಕ್ಯೋಟೋ, ಒಸಾಕಾ ಸೀಮೆಯಲ್ಲಿ 20ನೇ ಶತಮಾನದವರೆಗೂ ಜೀವಂತವಾಗಿತ್ತು. ಈಗಿನ ಶೋಗಿಯ ಮಹಾನ್ ಆಟಗಾರ ಒಯಾಮಾ ಯಸುಹಾರು ಕೂಡ ಇದನ್ನು ಆಡುತ್ತಿದ್ದರು. ಆಡಿ ಆಡಿ ನಯವಾದ ಆಟ ಇದು. ಅಳತೆ ಎಷ್ಟು, ಕಾಯಿ ಎಷ್ಟು ಎಂಬ ಜಗಳವಿಲ್ಲ. ಹೆಯಾನ್‌ನಲ್ಲಿ ನೊಂದವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂಬುದು ಗೊತ್ತು.

ಕಲಿಯುವುದು ಸುಲಭವಾದದ್ದು ಬಡ್ತಿಯ ಏರ್ಪಾಡಿನಿಂದ. ಇಲ್ಲಿ ಬಡ್ತಿ ಸಿಗುವುದು ಎದುರಾಳಿಯ ನಾಲ್ಕು ಸಾಲಿನೊಳಗೆ. ಪದಾತಿ ಚಿನ್ನವಾಗುತ್ತದೆ, ಚಿನ್ನ ನಮ್ಮ ಆನೆಯ ನಡೆಯ ಕಾಯಿಯಾಗುತ್ತದೆ, ಚಿರತೆ ನಮ್ಮ ಒಂಟೆಯ ನಡೆ ಕಲಿಯುತ್ತದೆ, ಫೀನಿಕ್ಸ್ ಹಕ್ಕಿ ನಮ್ಮ ಮಂತ್ರಿಯ ನಡೆಯ ಕಾಯಿಯಾಗುತ್ತದೆ, ಕಿರಿನ್ ಎಂಬ ಪುರಾಣದ ಮೃಗ ಸಿಂಹವಾಗುತ್ತದೆ. ಪದಾತಿಗಳ ಮುಂದೆ ನಿಂತು ಒಂದು ಮನೆ ಮುಂದೆ, ಒಂದು ಮನೆ ಹಿಂದೆ ಮಾತ್ರ ನಡೆಯುವ ಮಧ್ಯಸ್ಥ ಕುಡಿದ ಆನೆಯಾಗುತ್ತಾನೆ. ಜಪಾನಿನಲ್ಲಿ ಮದುವೆ ಮಾತುಕತೆ ನಡೆಸಿಕೊಡುವವರಿಗೂ ಅವೇ ಅಕ್ಷರಗಳು. ಅಂದರೆ ಕಲಿತ ನಡೆಯೇ ಮತ್ತೆ ಮತ್ತೆ ಎದುರಾಗುತ್ತದೆ. ಒಂದೊಂದೇ ಹೆಜ್ಜೆ ಇಡುವವರು ಹಿಂದಿನ ಸಾಲಿನಲ್ಲಿ, ದೂರ ಓಡುವ ಬಲಾಢ್ಯರು ಪದಾತಿಗಳ ಬೆನ್ನಿಗೇ ಇರುವುದರಿಂದ ಆಟ ತಡವಿಲ್ಲದೆ ಬಿಸಿಯಾಗುತ್ತದೆ. ನಾಲ್ಕು ಸಂಜೆಗಳಲ್ಲಿ ಅಪ್ಪ ಚೀಟಿ ನೋಡುವುದನ್ನು ಬಿಟ್ಟರು.

ಸಿಂಹದ ವಿಷಯ ಬೇರೆಯೇ. ಒಂದು ಸರದಿಯಲ್ಲಿ ರಾಜನ ನಡೆಯನ್ನು ಎರಡು ಬಾರಿ ನಡೆಯುತ್ತದೆ. ನಮ್ಮ ಮೂರನೆಯ ಆಟದಲ್ಲಿ ಅಪ್ಪನ ಸಿಂಹ ನನ್ನ ಪದಾತಿಯನ್ನು ಹೊಡೆದು, ಅದೇ ಸರದಿಯಲ್ಲಿ ಹಿಂದಿದ್ದ ತಾಮ್ರದ ಸೇನಾನಿಯನ್ನೂ ಹೊಡೆದು ನಿಂತಿತು. ಮುಂದಿನ ಸರದಿಗೆ ಪಕ್ಕದ ಚಿರತೆಯನ್ನು ಮುಗಿಸಿ, ಹೊರಟ ಮನೆಗೇ ಮರಳಿ ಕುಳಿತಿತು. ಹೀಗೆ ಕೂತಲ್ಲಿಂದಲೇ ತಿನ್ನುವುದಕ್ಕೆ ಜಪಾನಿಯರು ಇಗುಯಿ ಎನ್ನುತ್ತಾರೆ. ಮೂರು ಕಾಯಿಗಳನ್ನು ಒಂದೊಂದಾಗಿ ಎತ್ತಿ ನನ್ನ ಮುಂದೆ ಇಟ್ಟ ಅಪ್ಪನ ಬೆರಳು ಸಣ್ಣಗೆ ನಡುಗುತ್ತಿತ್ತು. ಐವತ್ತು ವರ್ಷ ಆಡಿದವರಿಗೆ ಹೊಸದೊಂದು ನಡೆ ಸಿಕ್ಕಿತ್ತು.

ತೊಡಕಿರುವುದು ಸಿಂಹ ಸಿಂಹವನ್ನು ಹೊಡೆಯುವ ನಿಯಮದಲ್ಲಿ. ಪಕ್ಕದ ಮನೆಯಲ್ಲಿದ್ದರೆ ಯಾವಾಗ ಬೇಕಾದರೂ ಹೊಡೆಯಬಹುದು. ಎರಡು ಮನೆ ದೂರದಲ್ಲಿದ್ದು ಅದಕ್ಕೆ ಕಾವಲಿದ್ದರೆ ಹೊಡೆಯುವಂತಿಲ್ಲ. ದಾರಿಯಲ್ಲಿ ಪದಾತಿ, ಮಧ್ಯಸ್ಥರಲ್ಲದ ಇನ್ನೊಂದು ಕಾಯಿಯನ್ನೂ ತೆಗೆದುಕೊಂಡರೆ ಮಾತ್ರ ಸಲ್ಲುತ್ತದೆ. ಬೇರೆ ಕಾಯಿಯೊಂದು ಸಿಂಹವನ್ನು ಹೊಡೆದರೆ, ಮರುಸರದಿಯಲ್ಲಿ ಎದುರಾಳಿಯೂ ಬೇರೆ ಕಾಯಿಯಿಂದ ಸಿಂಹವನ್ನು ಹೊಡೆಯುವಂತಿಲ್ಲ. ಇಬ್ಬರ ಸಿಂಹಗಳೂ ಆರಂಭದಲ್ಲೇ ಅದಲುಬದಲಾಗಿ ಆಟ ಸಪ್ಪೆಯಾಗದಿರಲಿ ಎಂದು ಮಾಡಿದ ನಿಯಮ. ಇದನ್ನು ಒಂದು ಚೀಟಿಯಲ್ಲಿ ಬರೆದು ಮಣೆಯ ಅಂಚಿಗೆ ಅಂಟಿಸಿದ್ದೇನೆ, ಈಗಲೂ ನೋಡುತ್ತೇನೆ.

ಸೆಟ್‌ನ ಖರ್ಚು. ಜಪಾನಿನಿಂದ ಮರದ ಸೆಟ್ ತರಿಸುವುದು ನನ್ನ ಸಂಬಳಕ್ಕೆ ಎಟುಕಲಿಲ್ಲ. ಪರಿಚಯದ ಬಡಗಿ ಉಳಿದ ಪ್ಲೈವುಡ್‌ನಲ್ಲಿ 92 ಕಾಯಿಗಳನ್ನು ಕತ್ತರಿಸಿ ಉಜ್ಜಿಕೊಟ್ಟರು. ಎರಡೂ ಬದಿಗೆ ಮುದ್ರಿಸಿದ ಸ್ಟಿಕ್ಕರ್ ಅಂಟಿಸಿದೆ. ಎಲ್ಲ ಸೇರಿ 1,400 ರೂಪಾಯಿ. ಇಲ್ಲೊಂದು ಅನುಕೂಲವಿದೆ. ಈಗಿನ ಶೋಗಿಯಲ್ಲಿ ಕಾಯಿ ಪಕ್ಷ ಬದಲಿಸುವುದರಿಂದ ಎರಡೂ ಕಡೆಗೆ ಒಂದೇ ಬಣ್ಣ ಇರಬೇಕು, ಚೂಪು ತುದಿ ಯಾವ ಕಡೆಗಿದೆ ಎಂಬುದರಿಂದಲೇ ಒಡೆಯನನ್ನು ಗುರುತಿಸಬೇಕು. ಚೂ ಶೋಗಿಯಲ್ಲಿ ಹೊಡೆದ ಕಾಯಿ ಮರಳುವುದಿಲ್ಲ. ಹಾಗಾಗಿ ಒಂದು ಸೈನ್ಯಕ್ಕೆ ಕೆಂಪು ಅಂಚು, ಇನ್ನೊಂದಕ್ಕೆ ಕಪ್ಪು ಅಂಚು ಬಳಿದೆ. ಅಪ್ಪನ ಕಣ್ಣಿಗೆ ಇದರಿಂದ ಆದ ಉಪಕಾರ ದೊಡ್ಡದು.

ಇನ್ನೂ ದೊಡ್ಡವೂ ಇವೆ. ದಾಯಿ ಶೋಗಿಗೆ 130 ಕಾಯಿ, ತಾಯ್‌ಕ್ಯೋಕು ಶೋಗಿಗೆ 36 ಮನೆ ಅಗಲದ ಮಣೆ, 804 ಕಾಯಿ. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಮೇಜಿಲ್ಲ.

ಒಂದೇ ಕೂರಿಕೆಯಲ್ಲಿ ಆಟ ಮುಗಿಯಲೇಬೇಕು ಎನ್ನುವವರಿಗೆ ಶೋ ಶೋಗಿ ಸಾಕು. ಇತಿಹಾಸವನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರೆ ಹೆಯಾನ್ ಆಡಿ, ಆದರೆ ದುಡ್ಡು ಕೊಟ್ಟು ಕೊಳ್ಳಬೇಡಿ. ರಟ್ಟಿನಲ್ಲಿ ಮಾಡಿಕೊಳ್ಳಿ, ಒಂಬತ್ತು ಮನೆ ಅಗಲ ಬರೆದುಕೊಳ್ಳಿ. ನಮಗೆ ಚೂ ಶೋಗಿಯ ಒಂದು ಆಟಕ್ಕೆ ಎರಡು, ಕೆಲವೊಮ್ಮೆ ಮೂರು ಸಂಜೆ ಬೇಕು. ಆಟ ನಿಲ್ಲಿಸುವಾಗ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು, ಮಣೆಯ ಮೇಲೆ ತೆಳುವಾದ ಟವೆಲ್ ಹೊದಿಸಿ ದಿವಾನದ ಮೂಲೆಯಲ್ಲಿ ಇಡುತ್ತೇವೆ. ಈ ಹೊತ್ತು ಅದರ ಕೆಳಗೆ ಅಪ್ಪನ ಕಿರಿನ್ ನನ್ನ ನಾಲ್ಕನೆಯ ಸಾಲಿಗೆ ಒಂದೇ ನೆಗೆತದ ದೂರದಲ್ಲಿದೆ. ಸರದಿ ನನ್ನದು.