ಅಬಾಕಸ್ಸಾ, ಫೌಂಡೇಶನ್ ಕೋಚಿಂಗಾ, ಭಾನುವಾರದ ಮೇಷ್ಟ್ರಾ?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಮೇಷ್ಟ್ರಿಗೆ. ಮಗಳು ಏಳನೇ ಕ್ಲಾಸು, ಲೆಕ್ಕ ಸಿಕ್ಕಿದ್ರೆ ಊಟ ಮರೀತಾಳೆ. ಹಾಸನದಲ್ಲಿ ನಮಗೆ ಸಿಕ್ಕಿದ್ದು ಈ ಮೂರು, ಮೂರಕ್ಕೂ ಫೀಸು ಕಟ್ಟಿದ್ದೀನಿ.

ಅಬಾಕಸ್‌ನಿಂದ ಬಾಯಿಲೆಕ್ಕ ಚುರುಕಾಯ್ತು. ಅಷ್ಟೇ. ಸ್ಟಾಪ್‌ವಾಚ್ ಇಟ್ಕೊಂಡು ಕೂಡಿ ಕಳೆಯೋದು ಇವಳಿಗೆ ಬೇಗ ಬೇಜಾರಾಯ್ತು.

ಫೌಂಡೇಶನ್ ಕೋಚಿಂಗ್, ಅಂದ್ರೆ ಮುಂದೆ ಬರೋ ಎಂಟ್ರೆನ್ಸ್ ಪರೀಕ್ಷೆಗಳಿಗೆ ಈಗಿನಿಂದಲೇ ತಯಾರಿ, ವರ್ಷಕ್ಕೆ 38,000, ಜೊತೆಗೊಂದು ಟ್ಯಾಬ್. ಪಾಠ ಮಾಡೋರ ಮೇಲೆ ನನಗೆ ದೂರಿಲ್ಲ. ತಲೆನೋವು ಟ್ಯಾಬ್ ತೋರಿಸೋ ನಾಲ್ಕು ಆಯ್ಕೆಗಳದ್ದು. ಒಂದು ಲೆಕ್ಕ ನೋಡಿ: 2, 3, 4, 5, 6 ಯಾವುದರಿಂದ ಭಾಗಿಸಿದರೂ 1 ಉಳಿಯಬೇಕು, 7ರಿಂದ ಮಾತ್ರ ಶೇಷವಿಲ್ಲದೆ ಭಾಗವಾಗಬೇಕು. ಅಂಥ ಅತಿ ಚಿಕ್ಕ ಸಂಖ್ಯೆ ಯಾವುದು? ಆಯ್ಕೆಗಳು 121, 181, 301, 361. ಇವಳು ಒಂದೊಂದನ್ನೂ 7ರಿಂದ ಭಾಗಿಸಿ ನೋಡಿ 301 ಒತ್ತಿದಳು. ಹಸಿರು ಟಿಕ್ಕು, ಮುಂದಿನ ಪ್ರಶ್ನೆ.

ಆ ಲೆಕ್ಕದ ಜೀವ ಇರೋದು 60ರಲ್ಲಿ. ಐದೂ ಸಂಖ್ಯೆಗಳ ಲ.ಸಾ.ಅ. ಅದು, ಹಾಗಾಗಿ ಉತ್ತರ 60ರ ಮಗ್ಗಿಗೆ 1 ಕೂಡಿದ 61, 121, 181, 241, 301 ಈ ಸಾಲಿನಲ್ಲೇ ಎಲ್ಲೋ ಇರಬೇಕು. 60ನ್ನು 7ರಿಂದ ಭಾಗಿಸಿದ್ರೆ 4 ಉಳಿಯುತ್ತೆ ಅಂತ ಗಮನಿಸಿದ್ರೆ ಐದನೆಯದೇ ಯಾಕೆ ಅನ್ನೋದೂ ಬಿಡಿಸಿಕೊಳ್ಳುತ್ತೆ: 4ರ ಮಗ್ಗಿಗೆ 1 ಕೂಡ್ತಾ ಹೋದ್ರೆ ಮೊದಲು 7ರಿಂದ ಭಾಗವಾಗೋದು ಐದನೆಯದು, 21. ಟ್ಯಾಬಿಗೆ ಇದ್ಯಾವುದೂ ಬೇಡ. ಸೆಂಟರಿನಲ್ಲಿ ಕೇಳಿದ್ರೆ "ಆನ್ಸರ್ ಕರೆಕ್ಟ್ ಇದ್ಯಲ್ಲ ಮೇಡಂ" ಅಂದ್ರು. ವಾರವಾರ ವಾಟ್ಸಾಪಿಗೆ ಗ್ರಾಫ್ ಮಾತ್ರ ತಪ್ಪದೆ ಬರ್ತಿತ್ತು, ಮೇಲಕ್ಕೇ ಹೋಗ್ತಿತ್ತು.

ಇನ್ನೊಂದು ವಿಷಯ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿಗೆ ಹೋಗೋ ದಾರಿ ಐಒಕ್ಯೂಎಂ ಅನ್ನೋ ಮೊದಲ ಅರ್ಹತಾ ಪರೀಕ್ಷೆಯಿಂದ ಶುರು: 3 ಗಂಟೆ, 30 ಪ್ರಶ್ನೆ, ಆಯ್ಕೆಗಳಿಲ್ಲ, ಉತ್ತರದ ಅಂಕಿಯನ್ನೇ ತುಂಬಬೇಕು. ದಾಟಿದ್ರೆ ಪ್ರಾದೇಶಿಕ ಹಂತದ ಆರ್‌ಎಂಒ, ಆಮೇಲೆ ರಾಷ್ಟ್ರ ಹಂತದ ಐಎನ್‌ಎಂಒ. ಅಲ್ಲಿ ಪೂರ್ತಿ ಸಾಧನೆ, ಅಂದ್ರೆ ಉತ್ತರ ಯಾಕೆ ಸರಿ ಅನ್ನೋದನ್ನ ಹೆಜ್ಜೆಹೆಜ್ಜೆಯಾಗಿ ಬರೆದು ತೋರಿಸಬೇಕು. ಶಾಲೆಗಳಲ್ಲಿ ಮೆಡಲ್ ಹಂಚೋ ಖಾಸಗಿ ಒಲಿಂಪಿಯಾಡ್‌ಗಳು ಬೇರೆ, ಇದು ಬೇರೆ.

ಮೇಷ್ಟ್ರು ಸಾಲಗಾಮೆ ರಸ್ತೆ ಕಡೆಯವರು, ಹೈಸ್ಕೂಲಿನಿಂದ ರಿಟೈರ್ ಆದವರು. ತಿಂಗಳಿಗೆ 600. ಈ ಪರೀಕ್ಷೆಗಳ ಹಳೇ ಪ್ರಶ್ನೆಪತ್ರಿಕೆಗಳು ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗ್ತವೆ, ಜೆರಾಕ್ಸ್ ಖರ್ಚು ನಮ್ಮದು. ವಾರಕ್ಕೆ ಒಂದೋ ಎರಡೋ ಲೆಕ್ಕ. "ಉತ್ತರ ಇರ್ಲಿ, ಹೆಂಗೆ ಬಂತು ಹೇಳವ್ವ" ಅಂತ ಕೂರ್ತಾರೆ. ಒಂದು ಭಾನುವಾರ ದೇವಲಾಲಿಯ ಶಾಲಾ ಮೇಷ್ಟ್ರು ಕಾಪ್ರೇಕರ್ ಅವರ 6174 ಹೇಳಿಕೊಟ್ರು: ಎಲ್ಲಾ ಅಂಕಿ ಒಂದೇ ಆಗಿರದ ನಾಲ್ಕಂಕಿ ಸಂಖ್ಯೆ ತಗೊಂಡು, ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿದ್ದರಿಂದ ಏರಿಕೆಯಲ್ಲಿ ಜೋಡಿಸಿದ್ದನ್ನು ಕಳೆಯುತ್ತಾ ಹೋದ್ರೆ 7 ಹೆಜ್ಜೆಯೊಳಗೆ ಅಲ್ಲಿಗೇ ಬರುತ್ತೆ. ಮಗಳು ಮನೆಗೆ ಬಂದು ಮೂರಂಕಿಗೆ 495 ಅಂತ ತಾನೇ ಕಂಡುಕೊಂಡಳು. ಟ್ಯಾಬಿನಲ್ಲಿ ಇದಕ್ಕೆ ಒತ್ತೋ ಬಟನ್ನೇ ಇಲ್ಲ.

ಕೊರತೆ ಇದೆ. ಜೊತೆಗೆ ಕೂತು ಜಗಳ ಆಡೋಕೆ ಅವಳ ವಾರಿಗೆಯ ಮಕ್ಕಳಿಲ್ಲ. ಹಬ್ಬ, ಮದುವೆ ಬಂದ್ರೆ ಪಾಠ ಇಲ್ಲ. ಸಿಲಬಸ್ಸೂ ಮುಗಿಯಲ್ಲ, ನನಗದು ಪರವಾಗಿಲ್ಲ.

ನಾನು ಸಂಜೆ ಮನೇಲಿರ್ತೀನಿ, ನೋಟ್‌ಬುಕ್ ತೆಗೆದು ನೋಡೋಕೆ ಪುರುಸೊತ್ತಿದೆ, ಅದಕ್ಕೆ ಇದು ನಡೀತಿದೆ. ಇಬ್ಬರೂ ಕೆಲಸಕ್ಕೆ ಹೋಗಿ ರಾತ್ರಿ ಬರೋರಾದ್ರೆ ಕೋಚಿಂಗೇ ಸರಿ. ಸೇರಿಸೋ ಮುಂಚೆ ಟ್ಯಾಬ್ ಬೇಡ ಅಂತ ಹೇಳಿ ಫೀಸು ಇಳಿಸಿ ಅಂತ ಕೇಳಿ.