ಮನೆಗೆ ಬರುವ ಶುಶ್ರೂಷಾ ಸೇವೆ: ಹೃದಯದ ಮಾತ್ರೆಗಳ ವಿಷಯದಲ್ಲಿ ನಂಬಬಹುದು

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಗೆ, ಹೃದಯ ವೈಫಲ್ಯದಿಂದ ಬಳಲುತ್ತಿರುವ ತಂದೆಯವರ ಆರೈಕೆಗಾಗಿ, ಊರಿನದೇ ಒಂದು ಸಂಸ್ಥೆಯಿಂದ ನರ್ಸ್ ಬರುತ್ತಿದ್ದಾರೆ. ನಾನು ಮುಖ್ಯವಾಗಿ ಮೆಚ್ಚಿದ್ದು ಅವರು ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ಕೊಡುವ ಕ್ರಮವನ್ನು. ಮಾತ್ರೆಯ ಹೆಸರು, ಪ್ರಮಾಣ ಹಾಗೂ ಅವಧಿ ಮುಗಿಯುವ ದಿನಾಂಕವನ್ನು ನೋಡಿ, ವೈದ್ಯರ ಚೀಟಿಯೊಂದಿಗೆ ತಾಳೆ ಹಾಕಿದ ಮೇಲೆ, ಸ್ಟೆತಾಸ್ಕೋಪನ್ನು ಎದೆಯ ಎಡಭಾಗದಲ್ಲಿಟ್ಟು ಪೂರ್ತಿ ಒಂದು ನಿಮಿಷ ಬಡಿತವನ್ನು ಎಣಿಸುತ್ತಾರೆ. ಅದು 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆಯನ್ನು ತಡೆಹಿಡಿದು ವೈದ್ಯರಿಗೆ ಫೋನ್ ಮಾಡುತ್ತಾರೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರನ್ನೇ ಕಂಡಿದ್ದ ನಮಗೆ ಇದು ಹೊಸದು.

ಜೊತೆಗಿರುವ ಫ್ಯುರೋಸಮೈಡ್, ಅಂದರೆ ಮೂತ್ರ ಹೆಚ್ಚಿಸುವ 'ನೀರಿನ ಮಾತ್ರೆ', ಮೂತ್ರದ ಮೂಲಕ ಪೊಟ್ಯಾಸಿಯಂ ಕಳೆಯುವುದರಿಂದ ಡಿಗಾಕ್ಸಿನ್ ವಿಷವಾಗುವ ಸಂಭವ ಹೆಚ್ಚುತ್ತದೆಂದೂ, ಊಟ ಸೇರದಿರುವುದು, ವಾಕರಿಕೆ, ಕಣ್ಣಿಗೆ ಹಳದಿ ಛಾಯೆ ಕಾಣುವುದು ಅದರ ಸೂಚನೆಗಳೆಂದೂ ಅಮ್ಮನಿಗೆ ಬಿಡಿಸಿ ಹೇಳಿದರು. "ನೀರಿನ ಮಾತ್ರೆ ಬೆಳಿಗ್ಗೆನೇ ಕೊಡ್ರಿ ಅಮ್ಮಾರೆ, ರಾತ್ರಿ ಕೊಟ್ರೆ ಯಜಮಾನ್ರು ಪದೇ ಪದೇ ಎದ್ದು ಬಿದ್ದುಗಿದ್ದಾರು" ಎಂಬ ಎಚ್ಚರಿಕೆಯೂ ಇತ್ತು. ತಂದೆಯವರು ಮಾತ್ರೆ ನುಂಗಿದ್ದನ್ನು ಕಂಡ ನಂತರವೇ ಅವರು ಚಾರ್ಟಿನಲ್ಲಿ ಸಹಿ ಹಾಕುತ್ತಾರೆ.

ಶುಲ್ಕ ತುಸು ದುಬಾರಿಯೇ. ಭಾನುವಾರ ಬರುವ ಬದಲಿ ಸಿಬ್ಬಂದಿಗೆ ಇಷ್ಟು ಶಿಸ್ತಿಲ್ಲ. ಅವರು ನಾಡಿಯ ಸಂಖ್ಯೆಯನ್ನು ಬರೆಯದೆ ಬಿಡುವುದುಂಟು, ಹಾಗಾಗಿ ಆ ದಿನ ಚಾರ್ಟನ್ನು ಮನೆಯವರೇ ಕೇಳಿ ನೋಡುವುದು ಒಳಿತು.