ಕ್ಯಾಬಿನೆಟ್ ಜೊತೆ ಫ್ರೀ ಬಂದ ಎಸ್‌ಎಂಪಿಎಸ್: ಬಜೆಟ್ ಗೇಮಿಂಗ್ ಪಿಸಿ ಕಟ್ಟಿಸುವವರು ಒಮ್ಮೆ ಓದಿ

ಕಮ್ಮಿ ದುಡ್ಡಿನಲ್ಲಿ ಗೇಮಿಂಗ್ ಪಿಸಿ ಕಟ್ಟಿಸೋಕೆ ಹೋದವರು ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರೇ ಪ್ರಶ್ನೆ ಕೇಳುತ್ತಾರೆ. ಪ್ರೊಸೆಸರ್ ಯಾವುದು? ರ್‍ಯಾಮ್ ಎಷ್ಟು? ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿ? ಈ ಮೂರಕ್ಕೂ ಬರುವ ಉತ್ತರ ಬಹುತೇಕ ನಿಜವೇ ಇರುತ್ತದೆ. ನಾವು ಕೇಳದೆ ಬಿಟ್ಟ ಕಡೆಗಳಲ್ಲಿ, ಅದರಲ್ಲೂ ಪಿಸಿಯ ಪಾರ್ಟುಗಳಿಗೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್ ಡಬ್ಬಿಯಲ್ಲಿ, ಅಂಗಡಿಯವರು ಕೈಚಳಕ ತೋರಿಸುತ್ತಾರೆ. ನನ್ನ ಅಕ್ಕನ ಮನೆಯಲ್ಲಿ ಆಗಿದ್ದು ಅದೇ.

ಅಕ್ಕ, ಭಾವ ಇರುವುದು ತುಮಕೂರಿನಲ್ಲಿ. ಮಗ ಡಿಪ್ಲೊಮಾ ಓದುತ್ತಿದ್ದಾನೆ. ಓದಿಗೂ ಆಗಬೇಕು, ವ್ಯಾಲೊರಂಟ್, ಜಿಟಿಎ 5 ಥರದ ಗೇಮ್‌ಗಳೂ ಓಡಬೇಕು ಅಂತ ಅವನ ಆಸೆ. ಮಾನಿಟರ್, ಕೀಬೋರ್ಡ್ ಮನೆಯಲ್ಲೇ ಇದ್ದವು. ಉಳಿದಿದ್ದಕ್ಕೆ 40,000 ರೂಪಾಯಿ ಅಂತ ಭಾವ ಮೊದಲೇ ಹೇಳಿಬಿಟ್ಟಿದ್ದರು. ಅಪ್ಪ, ಮಗ ಇಬ್ಬರೂ ಬೆಳಗಿನ ಟ್ರೈನ್ ಹಿಡಿದು ಬೆಂಗಳೂರಿಗೆ ಬಂದು, ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ, ಸಂಜೆ ಹೊತ್ತಿಗೆ ಬಾಕ್ಸ್ ಹೊತ್ತುಕೊಂಡು ವಾಪಸ್ ಹೋದರು. ನಾನು ಆ ವಾರ ಊರಲ್ಲಿರಲಿಲ್ಲ.

ಅಂಗಡಿಯ ಹೆಸರು ಬರೆಯುವುದಿಲ್ಲ. ಆ ರಸ್ತೆಯಲ್ಲಿ ಸರಿಯಾಗಿ ವ್ಯಾಪಾರ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನೇ ಅಲ್ಲಿಂದ ಎಷ್ಟೋ ಸಾಮಾನು ತಂದಿದ್ದೇನೆ. ಈ ಆಟ ಬೇರೆ ಊರುಗಳಲ್ಲೂ ನಡೆಯುತ್ತದೆ, ಆನ್‌ಲೈನ್‌ನಲ್ಲೂ ನಡೆಯುತ್ತದೆ.

ವಾಟ್ಸಾಪ್‌ನಲ್ಲಿ ಬಂದ ಕೊಟೇಶನ್ ಹೀಗಿತ್ತು: ಇಂಟೆಲ್ ಐ3 12100ಎಫ್, ಎಚ್610 ಮದರ್‌ಬೋರ್ಡ್, 16 ಜಿಬಿ ರ್‍ಯಾಮ್, 500 ಜಿಬಿ ಎಸ್‌ಎಸ್‌ಡಿ, ಆರ್‌ಎಕ್ಸ್ 580 8 ಜಿಬಿ ಗ್ರಾಫಿಕ್ಸ್ ಕಾರ್ಡ್, ಆರ್‌ಜಿಬಿ ಕ್ಯಾಬಿನೆಟ್, ‘450 ವ್ಯಾಟ್ ಎಸ್‌ಎಂಪಿಎಸ್ ಫ್ರೀ’. ಓದಿದರೆ ಎಲ್ಲಾ ಸರಿಯಾಗೇ ಇದೆ ಅನ್ನಿಸುತ್ತದೆ ಅಲ್ವಾ? ಒಂದೊಂದನ್ನೇ ಬಿಚ್ಚಿ ನೋಡೋಣ.

ಮನೆಗೆ ತಂದ ಮೇಲೆ ವಿಂಡೋಸ್ ಚೆನ್ನಾಗೇ ನಡೆಯಿತು. ಯೂಟ್ಯೂಬ್, ಕೋಡಿಂಗ್ ಎಲ್ಲಾ ಸಲೀಸು. ಗೇಮ್ ಹಾಕಿ ಸ್ವಲ್ಪ ಹೊತ್ತು ಆಡಿದರೆ ಮಾತ್ರ ಟಪಕ್ ಅಂತ ಪೂರ್ತಿ ಆಫ್. ‘ಮಾಮ, ನೀಲಿ ಸ್ಕ್ರೀನೂ ಬರಲ್ಲ, ಎರರೂ ಬರಲ್ಲ, ಕರೆಂಟ್ ಹೋದ ಹಾಗೆ ಆಗುತ್ತೆ’ ಅಂದ. ಈ ಲಕ್ಷಣ ಕೇಳಿದ ಕೂಡಲೇ ಎಸ್‌ಎಂಪಿಎಸ್ ಮೇಲೆ ಅನುಮಾನ ಬರಬೇಕು. ಅಂಗಡಿಗೆ ಫೋನ್ ಮಾಡಿದರೆ, ‘ನಿಮ್ಮ ಮನೆ ವೋಲ್ಟೇಜ್ ಸರಿಯಿಲ್ಲ ಸರ್, ಯುಪಿಎಸ್ ಹಾಕಿಸಿ’ ಅಂದರು. ಭಾವ ಪಾಪ ಎಲೆಕ್ಟ್ರಿಷಿಯನ್‌ನ ಕರೆಸಿ ಅರ್ತಿಂಗ್ ಕೂಡ ನೋಡಿಸಿದರು. ಅದು ಸರಿಯಾಗಿಯೇ ಇತ್ತು.

ನಾನು ಹೋಗಿ ಕ್ಯಾಬಿನೆಟ್ ಬಿಚ್ಚುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಹಿಂದಿನ ರಾತ್ರಿ ಆಡುವಾಗ ಪಟ್ ಅಂತ ಸದ್ದು, ಸುಟ್ಟ ವಾಸನೆ, ಆಮೇಲೆ ಬಟನ್ ಒತ್ತಿದರೆ ಫ್ಯಾನ್ ಕೂಡ ತಿರುಗಲಿಲ್ಲ. ಎಸ್‌ಎಂಪಿಎಸ್ ಹೊರಗೆ ತೆಗೆದಾಗ ಮೊದಲು ಗೊತ್ತಾಗಿದ್ದು ಅದರ ತೂಕ. ಖಾಲಿ ಡಬ್ಬಿ ಹಿಡಿದ ಹಾಗಿತ್ತು. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ 450 ಅಂತ ಇದೆ. ಅದೇ ಸ್ಟಿಕ್ಕರ್‌ನ ಕೆಳಗೆ ಸಣ್ಣ ಟೇಬಲ್ ಇದೆ. ಅದರಲ್ಲಿ +12 ವೋಲ್ಟ್ ಎದುರಿಗೆ 16 ಆಂಪಿಯರ್.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ. ಇವತ್ತಿನ ಪಿಸಿಯಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಮುಖ್ಯವಾಗಿ 12 ವೋಲ್ಟ್ ಲೈನಿನಿಂದ. 12 ಇಂಟು 16 ಅಂದರೆ 192 ವ್ಯಾಟ್. ಈ ಡಬ್ಬಿ ಕೊಡುವುದಾಗಿ ತಾನೇ ಬರೆದುಕೊಂಡಿರುವುದು ಅಷ್ಟೇ. ಅದನ್ನಾದರೂ ಪೂರ್ತಿ ಕೊಡುತ್ತದೋ ಇಲ್ಲವೋ ಬೇರೆ ಮಾತು. ಈಗ ಖರ್ಚು ನೋಡಿ. ಐ3 12100ಎಫ್ ಜೋರಾಗಿ ಓಡುವಾಗ 89 ವ್ಯಾಟ್‌ವರೆಗೆ ತೆಗೆದುಕೊಳ್ಳಬಹುದು. ಆರ್‌ಎಕ್ಸ್ 580ಗೆ ಎಎಂಡಿ ಹೇಳಿರುವ ಲೆಕ್ಕ 185 ವ್ಯಾಟ್. ಎರಡೇ ಸೇರಿ 274 ಆಯಿತು. ಫ್ಯಾನು, ಎಸ್‌ಎಸ್‌ಡಿ, ಬೋರ್ಡು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅಂಗಡಿಯಲ್ಲಿ ಪಿಸಿ ಆನ್ ಮಾಡಿ ಡೆಸ್ಕ್‌ಟಾಪ್ ತೋರಿಸಿದಾಗ ಇದು ಗೊತ್ತಾಗುವುದಿಲ್ಲ. ಗೇಮ್ ಶುರುವಾಗಿ ಕಾರ್ಡ್ ಮೇಲೆ ಲೋಡ್ ಬಿದ್ದಾಗಲೇ ಗೊತ್ತಾಗುವುದು.

ಇನ್ನೊಂದು ಇದಕ್ಕಿಂತ ಅಪಾಯದ್ದು. ಆ ಎಸ್‌ಎಂಪಿಎಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 8 ಪಿನ್ ಕೇಬಲ್ಲೇ ಇರಲಿಲ್ಲ. ಹಳೇ ಹಾರ್ಡ್ ಡಿಸ್ಕಿಗೆ ಹಾಕುತ್ತಿದ್ದ ಮೋಲೆಕ್ಸ್ ಪಿನ್ನಿಗೆ ಒಂದು ಕನ್ವರ್ಟರ್ ಸಿಕ್ಕಿಸಿ 8 ಪಿನ್ ಮಾಡಿದ್ದರು. 8 ಪಿನ್ ಮೂಲಕ 150 ವ್ಯಾಟ್‌ವರೆಗೆ ಹರಿಯಬಹುದು. ದಾರದಂಥ ವೈರಿನಲ್ಲಿ ಅಷ್ಟು ಕರೆಂಟ್ ಎಳೆದರೆ ಇನ್ನೇನಾಗುತ್ತೆ? ಕನ್ವರ್ಟರ್‌ನ ಹಳದಿ ವೈರು ಪಿನ್ನಿನ ಹತ್ತಿರ ಕಂದು ಬಣ್ಣಕ್ಕೆ ತಿರುಗಿತ್ತು, ಬಿಳಿ ಪ್ಲಾಸ್ಟಿಕ್ ಕರಗಿ ಒಂದು ಕಡೆ ವಾಲಿತ್ತು. ಮನೆಗೆ ಬೆಂಕಿ ಬೀಳದಿದ್ದದ್ದು ಪುಣ್ಯ. ನಿಮ್ಮ ಪಿಸಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಕೇಬಲ್ಲಿನ ನಡುವೆ ಇಂಥ ಕನ್ವರ್ಟರ್ ಕಂಡರೆ ಅವತ್ತೇ ಆಟ ನಿಲ್ಲಿಸಿ. ಬೇಕಾದ ಪಿನ್ನೇ ಇಲ್ಲದ ಎಸ್‌ಎಂಪಿಎಸ್ ಆ ಕಾರ್ಡಿಗಾಗಿ ಮಾಡಿದ್ದಲ್ಲ.

ಬೇರೆ ಎಸ್‌ಎಂಪಿಎಸ್ ಹಾಕಿದರೂ ಡಿಸ್‌ಪ್ಲೇ ಬರಲಿಲ್ಲ. ಕಾರ್ಡ್ ಹೋಗಿದೆಯೋ, ಬೋರ್ಡ್ ಹೋಗಿದೆಯೋ? ಕಾರ್ಡ್ ತೆಗೆದು ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಚುಚ್ಚಿ ನೋಡೋಣ ಅಂದರೆ ಅದೂ ಆಗುವುದಿಲ್ಲ. ಯಾಕೆಂದರೆ 12100ಎಫ್‌ನಲ್ಲಿ ಕೊನೆಗಿರುವ ‘ಎಫ್’ ಅಂದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಬೋರ್ಡಿನ ಹಿಂದೆ ಎಚ್‌ಡಿಎಂಐ ಪೋರ್ಟ್ ಇದ್ದರೂ ಅದು ಶೋಕಿಗೆ. ಎಫ್ ಇಲ್ಲದ 12100 ಸ್ವಲ್ಪ ಜಾಸ್ತಿ ಬೆಲೆ. ಆದರೆ ಕಾರ್ಡ್ ಕೆಟ್ಟು ಸರ್ವಿಸ್‌ಗೆ ಹೋದಾಗ ಹುಡುಗನ ಓದು ನಿಲ್ಲುವುದಿಲ್ಲ. ಬಜೆಟ್ ಬಿಲ್ಡ್‌ಗೆ ಸುಮ್ನೆ ಎಫ್ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್ ಆದರೆ ನಾನು ಹಾಗೆ ಹೇಳುವುದಿಲ್ಲ.

ಕಾರ್ಡನ್ನು ನನ್ನ ಪಿಸಿಗೆ ಹಾಕಿ ನೋಡಿದೆ. ಬದುಕಿತ್ತು. ಸತ್ತಿದ್ದು ಬೋರ್ಡು. ಆದರೆ ಅಲ್ಲಿ ಇನ್ನೊಂದು ಕಥೆ ಹೊರಬಿತ್ತು. ಗ್ರಾಫಿಕ್ಸ್ ಕಾರ್ಡಿನ ಒಳ ವಿವರ ತೋರಿಸುವ ಜಿಪಿಯು-ಝೆಡ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ‘ಶೇಡರ್ಸ್’, ಅಂದರೆ ಚಿತ್ರ ಮೂಡಿಸುವ ಲೆಕ್ಕ ಮಾಡುವ ಸಣ್ಣ ಕೋರ್‌ಗಳ ಎದುರು 2048 ಅಂತ ಬಂತು. 2017ರಲ್ಲಿ ಎಎಂಡಿ ಬಿಟ್ಟ ನಿಜವಾದ ಆರ್‌ಎಕ್ಸ್ 580ಯಲ್ಲಿ ಇರುವುದು 2304. 2048 ಇರುವುದು ಅದರ ತಮ್ಮ ಆರ್‌ಎಕ್ಸ್ 570ಯಲ್ಲಿ. 2018ರಲ್ಲಿ ಚೀನಾ ಮಾರುಕಟ್ಟೆಗೆ ‘ಆರ್‌ಎಕ್ಸ್ 580 2048ಎಸ್‌ಪಿ’ ಅಂತ ಒಂದು ಕಾರ್ಡ್ ಬಂತು. ಹೆಸರು 580ದು, ಒಳಗಿರುವುದು 570ದು. ಡಬ್ಬಿಯ ಮೇಲೆ ‘580 8 ಜಿಬಿ’ ದೊಡ್ಡದಾಗಿ ಇರುತ್ತದೆ, ‘2048ಎಸ್‌ಪಿ’ ಇದ್ದರೆ ಮೂಲೆಯಲ್ಲಿ ಸಣ್ಣದಾಗಿ. ಹಾಗಾಗಿ ‘ಸುಳ್ಳು ಹೇಳಿದಿರಿ’ ಅಂತ ಜಗಳ ತೆಗೆಯಲೂ ಆಗುವುದಿಲ್ಲ. ಇನ್ನು, ಕಾರ್ಡು ಕಮ್ಮಿ ಕರೆಂಟಿನದೇ, 150 ವ್ಯಾಟ್ ಅಂದುಕೊಂಡರೂ ಪ್ರೊಸೆಸರ್ ಸೇರಿ 239. ಆ ಫ್ರೀ ಡಬ್ಬಿಗೆ ಅದೂ ಭಾರವೇ.

ಕಾರ್ಡು ಹೊಸದೂ ಅಲ್ಲ. ಹಿಂದಿನ ಸ್ಕ್ರೂಗಳ ತಲೆಯ ಕಪ್ಪು ಬಣ್ಣ ಕಿತ್ತುಹೋಗಿತ್ತು, ಅಂದರೆ ಯಾರೋ ಬಿಚ್ಚಿದ್ದಾರೆ. ಫ್ಯಾನ್ ಹೊಸದು, ಸ್ಟಿಕ್ಕರ್ ಹೊಸದು, ಒಳಗಿನ ಹೀಟ್‌ಸಿಂಕ್ ರೆಕ್ಕೆಗಳ ಸಂದಿಯಲ್ಲಿ ಮಾತ್ರ ಹಳೇ ದೂಳು ಗಟ್ಟಿಯಾಗಿ ಅಂಟಿಕೊಂಡಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಕ್ರಿಪ್ಟೊ ಕರೆನ್ಸಿ ತನ್ನ ವಿಧಾನ ಬದಲಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡಿನಿಂದ ಅದನ್ನು ಮೈನಿಂಗ್ ಮಾಡುವುದು, ಅಂದರೆ ಕಾರ್ಡಿನಲ್ಲಿ ಲೆಕ್ಕ ಹಾಕಿಸಿ ಆ ಕರೆನ್ಸಿ ಗಳಿಸುವುದು ನಿಂತುಹೋಯಿತು. ಹಗಲೂ ರಾತ್ರಿ ಓಡಿದ ರಾಶಿ ರಾಶಿ ಕಾರ್ಡುಗಳು ಆಗ ಮಾರುಕಟ್ಟೆಗೆ ಬಂದವು. ತೊಳೆದು, ಹೊಸ ಡಬ್ಬಿಗೆ ಹಾಕಿ ಮಾರುವುದು ಈಗಲೂ ನಡೆಯುತ್ತಿದೆ. ಹಳೇ ಕಾರ್ಡ್ ಅಂತ ಹೇಳಿ ಹಳೇ ರೇಟಿಗೆ ಕೊಟ್ಟರೆ ನನ್ನ ತಕರಾರಿಲ್ಲ. ಹೊಸದು ಅಂತ ಕೊಟ್ಟಿದ್ದೇ ತಪ್ಪು. ಹೊಸದೇ ಸಿಕ್ಕರೂ ಈ ಪೀಳಿಗೆಯ ಕಾರ್ಡುಗಳಿಗೆ 2023ರಿಂದ ಎಎಂಡಿ ಡ್ರೈವರ್ ಅಪ್‌ಡೇಟ್ ಕಮ್ಮಿ ಮಾಡಿದೆ ಅನ್ನುವುದು ನೆನಪಿರಲಿ.

ರ್‍ಯಾಮ್ ವಿಷಯದಲ್ಲಿ 16 ಜಿಬಿ ಅಂದಿದ್ದರು, 16 ಜಿಬಿಯೇ ಕೊಟ್ಟಿದ್ದರು. ಆದರೆ ಒಂದೇ ಸ್ಟಿಕ್. ಎರಡು 8 ಜಿಬಿ ಹಾಕಿದರೆ ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಹರಿಯುವ ಡ್ಯುಯಲ್ ಚಾನೆಲ್ ಆಗಿ ಗೇಮ್ ಇನ್ನೂ ಸಲೀಸಾಗಿ ಓಡುತ್ತದೆ. ಕೇಳಿದ್ದಕ್ಕೆ ‘ರ್‍ಯಾಮ್ ರೇಟ್ ಗಗನಕ್ಕೆ ಹೋಗಿದೆ ಸರ್’ ಅಂದರಂತೆ. ಅದು ಸುಳ್ಳಲ್ಲ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹೋಗುತ್ತಿರುವುದರಿಂದ 2025ರ ಕೊನೆಯಿಂದ ಬೆಲೆ ಸಿಕ್ಕಾಪಟ್ಟೆ ಏರಿದೆ. ಆದರೆ ಈ ನಿಜವನ್ನೇ ಮುಂದಿಟ್ಟುಕೊಂಡು ಬೇರೆ ಪಾರ್ಟುಗಳನ್ನೂ ಬದಲಿಸುತ್ತಾರೆ, ಹುಷಾರು. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟ್ ತುಂಬಿದೆ ಅಂತ ತೋರಿಸುತ್ತದೆ.

ಎಸ್‌ಎಸ್‌ಡಿ ಬಗ್ಗೆ ಒಂದೇ ಮಾತು. ಬೋರ್ಡಿಗೇ ನೇರ ಸಿಕ್ಕಿಸುವ ಪಟ್ಟಿಯಂಥ ಎಂ.2 ಅಂದಮಾತ್ರಕ್ಕೆ ಅದು ವೇಗದ ಎನ್‌ವಿಎಂಇ ಅಲ್ಲ. ತುದಿಯಲ್ಲಿ ಎರಡು ಕಡೆ ಕಚ್ಚು ಇದ್ದರೆ ಅದು ಹೆಚ್ಚಾಗಿ ನಿಧಾನದ ಸಾಟಾ, ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಲ್ಲುತ್ತದೆ.

ಆನ್‌ಲೈನ್‌ನಲ್ಲಿ ‘ಐ7 ಗೇಮಿಂಗ್ ಪಿಸಿ, 16 ಜಿಬಿ, 4 ಜಿಬಿ ಗ್ರಾಫಿಕ್ಸ್’ ಅಂತ ತೀರಾ ಕಮ್ಮಿ ಬೆಲೆಗೆ ಬರುವುದನ್ನೂ ನೋಡಿರುತ್ತೀರಿ. ಐ7 ನಿಜ, ಆದರೆ 2011ರ 2600 ಅಥವಾ 2012ರ 3770. ಇವು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 4 ಜಿಬಿ ಕಾರ್ಡು ಅಂದರೆ 2014ರ ಜಿಟಿ 730, ಅದೂ ಹಳೇ, ನಿಧಾನದ ಡಿಡಿಆರ್3 ಮೆಮೊರಿಯದು. ಜಿಬಿ ಜಾಸ್ತಿ ಇದ್ದರೆ ಕಾರ್ಡು ಒಳ್ಳೆಯದು ಅನ್ನುವ ನಂಬಿಕೆಯನ್ನೇ ಇವರು ಮಾರುವುದು. ಇನ್ನು ಕೆಲವು ಕಡೆ ಹಳೇ ಜಿಟಿಎಸ್ 450 ಅಥವಾ ಜಿಟಿಎಕ್ಸ್ 550 ಟಿಐ ಕಾರ್ಡಿನ ಬಯಾಸ್ (ಕಾರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ತಿದ್ದಿ ‘ಜಿಟಿಎಕ್ಸ್ 1050 ಟಿಐ’ ಅಂತ ತೋರಿಸುವ ಪೂರಾ ನಕಲಿಗಳೂ ಇವೆ. ಕಾರ್ಡಿನ ಹಿಂದೆ ನೀಲಿ ವಿಜಿಎ ಪೋರ್ಟ್ ಕಂಡರೆ ಅನುಮಾನ ಪಡಿ. 1050 ಟಿಐ ಚಿಪ್ಪಿಗೆ ವಿಜಿಎ ಔಟ್‌ಪುಟ್ಟೇ ಇಲ್ಲ. ಜಿಪಿಯು-ಝೆಡ್ ಇಂಥವನ್ನು ಹೆಸರಿನ ಮುಂದೆ ‘ಫೇಕ್’ ಅಂತ ಹಾಕಿ ತೋರಿಸುತ್ತದೆ.

ಈಗ ವಾರಂಟಿ ವಿಷಯ. ಕೊಳ್ಳುವಾಗ ಅಂಗಡಿಯವರು ಭಾವನನ್ನು ಕೇಳಿದ್ದು: ‘ಬಿಲ್ ಬೇಕಾ ಸರ್? ಬೇಕಂದ್ರೆ ಹದಿನೆಂಟು ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ.’ 40,000ಕ್ಕೆ 7,200 ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಕೊನೆಗೆ ಸಿಕ್ಕಿದ್ದು ಕೈಬರಹದ ಒಂದು ಎಸ್ಟಿಮೇಟ್ ಚೀಟಿ. ಜಿಎಸ್‌ಟಿ ನಂಬರ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಯುಪಿಐ ದುಡ್ಡು ಹೋಗಿದ್ದು ಅಂಗಡಿಯ ಹೆಸರಿಗಲ್ಲ, ಯಾರದೋ ಖಾಸಗಿ ಖಾತೆಗೆ.

ಸುಟ್ಟ ಬೋರ್ಡು ಹಿಡಿದುಕೊಂಡು ನಾನೇ ಅಂಗಡಿಗೆ ಹೋದೆ. ಕೌಂಟರ್‌ನಲ್ಲಿದ್ದವರು ತಲೆ ಎತ್ತದೆ ಹೇಳಿದರು: ‘ಎಸ್‌ಎಂಪಿಎಸ್ ಫ್ರೀ ಐಟಮ್ ಸರ್, ಅದಕ್ಕೆ ವಾರಂಟಿ ಇರಲ್ಲ.’ ಬೋರ್ಡು? ‘ಅದು ಕಂಪನಿ ನೋಡ್ಕೊಳ್ಳುತ್ತೆ.’ ಕಂಪನಿಯ ಸರ್ವಿಸ್ ಸೆಂಟರ್‌ನವರು ಸುಟ್ಟ ಗುರುತು ನೋಡಿ ವಾಪಸ್ ಕೊಟ್ಟರು. ಸುಟ್ಟಿದ್ದು ವಾರಂಟಿಗೆ ಬರಲ್ಲ. ಕಾರ್ಡಿನ ಬಗ್ಗೆ ಅಂಗಡಿಯವರ ಮಾತು: ‘ಶಾಪ್ ವಾರಂಟಿ ಒಂದು ತಿಂಗಳಿತ್ತು, ಮುಗೀತು.’ ಒಂದು ತಿಂಗಳು ಅನ್ನುವುದು ಆ ಚೀಟಿಯಲ್ಲೆಲ್ಲೂ ಇಲ್ಲ.

ಹೊಸ ಬೋರ್ಡು, ಒಳ್ಳೆಯ ಎಸ್‌ಎಂಪಿಎಸ್ ಎರಡನ್ನೂ ಬಿಲ್ ಸಮೇತ ಬೇರೆ ಕಡೆ ತೆಗೆದುಕೊಂಡೆವು. ಈ ಎರಡನೇ ಅಂಗಡಿಯಲ್ಲಿ ನಾವು ಮಾಡಿದ್ದನ್ನೇ ನೀವೂ ಮಾಡಿ. ಪ್ರತಿ ಪಾರ್ಟಿನ ಪೂರ್ತಿ ಮಾಡೆಲ್ ಹೆಸರು, ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ. ‘450 ವ್ಯಾಟ್’ ಅಂತ ಬರೆದರೆ ಸಾಲದು, ಯಾವ ಕಂಪನಿ, ಯಾವ ಮಾಡೆಲ್ ಬೇಕು. ಎಸ್‌ಎಂಪಿಎಸ್‌ನ 12 ವೋಲ್ಟ್ ಲೈನಿನ ಲೆಕ್ಕ ಮಾಡಿ. ಅದು ಅದರ ಹೆಸರಿನ ವ್ಯಾಟ್‌ಗೆ ಹತ್ತಿರ ಇರಬೇಕು, ಕೇಬಲ್ ಅದರದೇ ಇರಬೇಕು. ‘ಸ್ಟಾಕ್ ಇಲ್ಲ, ಸೇಮ್ ಇನ್ನೊಂದಿದೆ’ ಅಂದರೆ ಹೊಸ ಕೊಟೇಶನ್ ಬರೆಸಿಕೊಂಡು, ಮೊಬೈಲ್‌ನಲ್ಲಿ ಆ ಮಾಡೆಲ್ ಹುಡುಕಿ, ಆಮೇಲೆ ಹೂಂ ಅನ್ನಿ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಜಿಪಿಯು-ಝೆಡ್ ಹಾಕಿಸಿ, ಕಾರ್ಡ್ ಮೇಲೆ ಪೂರ್ತಿ ಲೋಡ್ ಹಾಕುವ ಫರ್‌ಮಾರ್ಕ್‌ನಂಥ ಟೆಸ್ಟ್ ಹತ್ತು ನಿಮಿಷ ಓಡಿಸಿ. ಟೈಮ್ ಇಲ್ಲ ಅನ್ನುವ ಅಂಗಡಿಯಿಂದ ಎದ್ದು ಬನ್ನಿ. ಅಷ್ಟೂ ದುಡ್ಡು ಒಟ್ಟಿಗೆ ಇಲ್ಲದಿದ್ದರೆ ರೈಜನ್ 5 5600ಜಿ ಥರದ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್, ಎರಡು ಸ್ಟಿಕ್ ರ್‍ಯಾಮ್ ಹಾಕಿಸಿ ಶುರು ಮಾಡಿ. ವ್ಯಾಲೊರಂಟ್ ಆರಾಮಾಗಿ ಓಡುತ್ತದೆ. ಕಾರ್ಡು ಮುಂದಿನ ವರ್ಷ ಬರಲಿ.

ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ವಾಟ್ಸಾಪ್ ಕೊಟೇಶನ್, ಯುಪಿಐ ರಸೀದಿ, ಎಸ್ಟಿಮೇಟ್ ಚೀಟಿ, ಕರಗಿದ ಕನ್ವರ್ಟರ್‌ನ ಫೋಟೊ ಎಲ್ಲಾ ಸೇರಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಭಾವನ ಹೆಸರಿನಲ್ಲಿ ದೂರು ಕೊಟ್ಟಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕ ಇಲ್ಲ. ಅಂಗಡಿಯವರು ಈಗ ಫೋನ್ ಮಾಡಿ ‘ಎಸ್‌ಎಂಪಿಎಸ್ ಬದಲಿಸಿ ಕೊಡ್ತೀವಿ, ಕಂಪ್ಲೇಂಟ್ ವಾಪಸ್ ತಗೊಳ್ಳಿ’ ಅನ್ನುತ್ತಿದ್ದಾರೆ. ಬೋರ್ಡಿನ ದುಡ್ಡು ಬರುವವರೆಗೂ ತಗೊಳ್ಳಲ್ಲ ಅಂತ ಭಾವ ಹೇಳಿದ್ದಾರೆ.